ಆಸ್ತಿ ಪಾಲಿನ ವ್ಯಾಜ್ಯ ಮಧ್ಯಸ್ಥಿಕೆಗೆ ಹೋದಾಗ: ಮೊದಲ ಮನವಿಯಿಂದ ಪಹಣಿಯವರೆಗೆ ಸಮಗ್ರ ಮಾರ್ಗದರ್ಶಿ

ಒಡಹುಟ್ಟಿದವರ ನಡುವಿನ ವಿಭಾಗದ ದಾವೆ ಸಿವಿಲ್ ನ್ಯಾಯಾಲಯದಲ್ಲಿ ಎರಡು ಸುತ್ತು ನಡೆಯುತ್ತದೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ (ನ್ಯಾಯಾಲಯದ ಲಿಖಿತ ತೀರ್ಮಾನ) ಮೊದಲ ಸುತ್ತಿನದು. ಆ ಪಾಲು ನೆಲದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತಿಸುವ ಅಂತಿಮ ಡಿಕ್ರಿಯ ನಡವಳಿ ಎರಡನೆಯದು. ಕಂದಾಯ ಭೂಮಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಹಂಚುವ ಕೆಲಸ ಜಿಲ್ಲಾಧಿಕಾರಿಗಳ ಇಲಾಖೆಗೆ ಹೋಗುತ್ತದೆ, ಮನೆ ನಿವೇಶನವಾದರೆ ಕೋರ್ಟ್ ಕಮಿಷನರ್ ಬಂದು ಅಳೆಯುತ್ತಾರೆ. ಎರಡೂ ಸುತ್ತಿನ ಆದೇಶಗಳ ಮೇಲೆ ಮೇಲ್ಮನವಿಗೆ ಅವಕಾಶವಿದೆ. ತಂದೆಯ ಕಾಲದಲ್ಲಿ ಹೂಡಿದ ದಾವೆಯ ವಾಯಿದೆಗೆ ಮಕ್ಕಳು ಓಡಾಡುತ್ತಿರುವುದನ್ನು ಯಾವ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಾದರೂ ಕಾಣಬಹುದು.

ಇದೇ ಬಗೆಯ ದಾವೆ ತರಬೇತಿ ಪಡೆದ ಮಧ್ಯಸ್ಥಗಾರರ ಮುಂದೆ ಕೆಲವೇ ಸಭೆಗಳಲ್ಲಿ ಮುಗಿಯುವುದೂ ಉಂಟು. ಆದರೆ ಅಲ್ಲಿ ಮುಗಿದದ್ದು ಮುಗಿದೇ ಉಳಿಯಬೇಕಾದರೆ ಕೊನೆಗೆ ಸಹಿ ಬೀಳುವ ಕಾಗದದಲ್ಲಿ ಪ್ರತಿಯೊಂದು ಮಾತೂ ಸರ್ವೆಯರ್‌ಗೂ, ಉಪನೋಂದಣಾಧಿಕಾರಿಗೂ, ತಹಶೀಲ್ದಾರರಿಗೂ ಅರ್ಥವಾಗಿ ಜಾರಿ ಮಾಡಲು ಬರುವಂತಿರಬೇಕು. ಈ ಮಾರ್ಗದರ್ಶಿ ಎಲ್ಲ ಹಂತಗಳನ್ನೂ ಆ ಕಾಗದವನ್ನು ಕಣ್ಣ ಮುಂದಿಟ್ಟುಕೊಂಡೇ ವಿವರಿಸುತ್ತದೆ. ಅನುಕೂಲಕ್ಕಾಗಿ ತಿಪಟೂರು ಕಡೆಯ ಒಂದು ಕಲ್ಪಿತ ಕುಟುಂಬವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ, ಅಣ್ಣ ಊರಿನಲ್ಲಿದ್ದು ತೋಟ ನೋಡಿಕೊಂಡಿದ್ದಾನೆ, ದೊಡ್ಡ ತಂಗಿ ಬೆಂಗಳೂರಿನಲ್ಲಿ, ಚಿಕ್ಕ ತಂಗಿ ಪಕ್ಕದ ಊರಿನಲ್ಲಿ ಮದುವೆಯಾಗಿ ನೆಲೆಸಿದ್ದಾರೆ, ಪಿತ್ರಾರ್ಜಿತ ತೆಂಗಿನ ತೋಟ 3 ಎಕರೆ 20 ಗುಂಟೆ, ಅದರಲ್ಲಿ ಒಂದೇ ಬೋರ್‌ವೆಲ್.

ಮಧ್ಯಸ್ಥಗಾರರು ಯಾರು

ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಊರ ಹಿರಿಯರ ಪಂಚಾಯಿತಿಯನ್ನು ಕಂಡವರಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ, ಏಕೆಂದರೆ ಅಲ್ಲಿ ಕೊನೆಗೆ ಯಾರಾದರೂ ಒಬ್ಬರು ‘ಹೀಗೆ ಮಾಡಿಕೊಳ್ಳಿ’ ಎಂದು ಹೇಳಿಯೇ ಏಳುತ್ತಾರೆ. ಆ ಹಿರಿಯರಿಗೆ ಜಮೀನಿನ ಮೂಲೆ ಮೂಲೆಯೂ ಗೊತ್ತು, ಅದು ಅವರ ಬಲ. ಯಾರ ಮನೆಗೆ ಯಾರು ಬೀಗರು ಎಂಬುದೂ ಗೊತ್ತು, ಅದು ದೌರ್ಬಲ್ಯ. ನ್ಯಾಯಾಲಯ ನೇಮಿಸುವ ಮಧ್ಯಸ್ಥಗಾರರು ಸಾಮಾನ್ಯವಾಗಿ ಅನುಭವವಿರುವ ವಕೀಲರು ಅಥವಾ ನ್ಯಾಯಾಂಗ ಅಧಿಕಾರಿಗಳು, ಮತ್ತು ಈ ಕೆಲಸಕ್ಕೆಂದೇ 40 ಗಂಟೆಗಳ ತರಬೇತಿ ಪಡೆದವರು. ಅವರು ಪ್ರಶ್ನೆ ಕೇಳುತ್ತಾರೆ, ಎರಡೂ ಕಡೆಯವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಬೇಡಿಕೆಗಳನ್ನು ಬಿಡಿಸಿ ಮುಂದಿಡುತ್ತಾರೆ, ಹೊಸ ದಾರಿಗಳನ್ನು ಯೋಚಿಸುವಂತೆ ಮಾಡುತ್ತಾರೆ. ಒಪ್ಪುವುದೂ ಬಿಡುವುದೂ ನಿಮ್ಮ ಕೈಯಲ್ಲೇ ಇರುತ್ತದೆ. ಅವರು ನಿಮ್ಮ ವಕೀಲರಲ್ಲದ ಕಾರಣ ಕಾನೂನು ಸಲಹೆಯನ್ನು ಅವರಿಂದ ನಿರೀಕ್ಷಿಸಬಾರದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಈಗಿನ 89ನೇ ಕಲಮು 2002ರ ಜುಲೈ 1ರಿಂದ ಜಾರಿಗೆ ಬಂದ ನಂತರ ನ್ಯಾಯಾಲಯಗಳು ದಾವೆಗಳನ್ನು ಮಧ್ಯಸ್ಥಿಕೆಗೆ ಕಳುಹಿಸುವ ಕ್ರಮ ಗಟ್ಟಿಯಾಯಿತು. ಕರ್ನಾಟಕ ಹೈಕೋರ್ಟ್ ಆಶ್ರಯದಲ್ಲಿ 2007ರ ಜನವರಿಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ ಆ ಕೇಂದ್ರ ದೇಶದಲ್ಲಿ ಹೆಸರು ಮಾಡಿದ ಕೇಂದ್ರಗಳಲ್ಲಿ ಒಂದು. ಜಿಲ್ಲೆಗಳಲ್ಲಿ ನ್ಯಾಯಾಲಯಗಳ ಆವರಣದಲ್ಲೇ ಕೇಂದ್ರಗಳಿವೆ. ನ್ಯಾಯಾಲಯ ಕಳುಹಿಸಿದ ಪ್ರಕರಣಗಳಿಗೆ ಕಕ್ಷಿದಾರರು ಮಧ್ಯಸ್ಥಗಾರರಿಗೆ ಶುಲ್ಕ ಕೊಡಬೇಕಾಗಿಲ್ಲ.

ಹಂತ 1: ವ್ಯಾಜ್ಯ ಇದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ

ಅಫ್ಕಾನ್ಸ್ ಇನ್‌ಫ್ರಾಸ್ಟ್ರಕ್ಚರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಯಾವ ವ್ಯಾಜ್ಯಗಳು ಹೊಂದುತ್ತವೆ, ಯಾವುವು ಹೊಂದುವುದಿಲ್ಲ ಎಂದು ಪಟ್ಟಿ ಮಾಡಿತು. ಗಂಡ ಹೆಂಡತಿ, ಅಣ್ಣ ತಮ್ಮಂದಿರು, ನೆರೆಹೊರೆಯವರು, ವ್ಯಾಪಾರದ ಪಾಲುದಾರರು, ಮಾಲೀಕ ಮತ್ತು ಬಾಡಿಗೆದಾರ, ಅಪಘಾತ ಪರಿಹಾರ, ಗ್ರಾಹಕರ ದೂರು ಮುಂತಾದವು ಹೊಂದುವ ಕಡೆಯಲ್ಲಿವೆ. ಚುನಾವಣಾ ತಕರಾರು, ಹಲವರ ಪರವಾಗಿ ಒಬ್ಬರು ಹೂಡುವ ಪ್ರಾತಿನಿಧಿಕ ದಾವೆ, ಗಂಭೀರವಾದ ಮತ್ತು ನಿರ್ದಿಷ್ಟವಾದ ನಕಲಿ ಸಹಿ ಅಥವಾ ವಂಚನೆಯ ಆರೋಪ, ಸರ್ಕಾರದ ವಿರುದ್ಧ ಹಕ್ಕು ಘೋಷಣೆ, ಅಪರಾಧ ಪ್ರಕರಣಗಳ ವಿಚಾರಣೆ ಇವು ಹೊಂದದ ಕಡೆಯಲ್ಲಿವೆ.

ಪಟ್ಟಿಯ ಆಚೆಗೂ ಎರಡು ಮಾತು ಯೋಚಿಸಬೇಕು. ತಂದೆಯ ಹೆಸರಿನ ವಿಲ್ ನಕಲಿ ಎಂಬುದೇ ಜಗಳದ ತಿರುಳಾಗಿದ್ದರೆ ಅದಕ್ಕೆ ಸಾಕ್ಷಿ ವಿಚಾರಣೆಯೇ ದಾರಿ. ವಿಲ್ ಬಗ್ಗೆ ಗುಮಾನಿ ಇದ್ದರೂ ‘ಇರಲಿ, ಹಂಚಿಕೊಳ್ಳೋಣ’ ಎನ್ನುವ ಮನಸ್ಸು ಎರಡೂ ಕಡೆ ಇದ್ದರೆ ಮಾತುಕತೆಗೆ ಅಡ್ಡಿಯಿಲ್ಲ. ಮನೆಯಲ್ಲಿ ಹೊಡೆತ, ಬೆದರಿಕೆಗಳು ನಡೆದಿದ್ದರೆ, ಬೆದರಿಸಿದವರ ಎದುರು ಕುಳಿತು ಮುಕ್ತವಾಗಿ ಮಾತನಾಡಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಮಧ್ಯಸ್ಥಗಾರರಿಗೆ ಪ್ರತ್ಯೇಕವಾಗಿ ತಿಳಿಸಿ. ರಕ್ಷಣೆಯ ಆದೇಶ ಬೇಕಿದ್ದರೆ ಅದನ್ನು ಪಡೆದ ನಂತರವೇ ಉಳಿದ ಮಾತು. ಹಾಗೆಯೇ, ಎದುರಿನವರು ಕಾಲ ತಳ್ಳಲೆಂದೇ ಮಧ್ಯಸ್ಥಿಕೆ ಕೇಳುತ್ತಿದ್ದಾರೆ, ಅಷ್ಟರೊಳಗೆ ಜಮೀನು ಮಾರಿಬಿಡುತ್ತಾರೆ ಎಂಬ ಅನುಮಾನವಿದ್ದರೆ ತಡೆಯಾಜ್ಞೆಯ ಅರ್ಜಿಯನ್ನು ಕೈಬಿಡಬೇಡಿ. ತಡೆಯಾಜ್ಞೆ ಇದ್ದುಕೊಂಡೇ ಮಧ್ಯಸ್ಥಿಕೆ ನಡೆಯಬಹುದು.

ಹಂತ 2: ಸರಿಯಾದ ಬಾಗಿಲು

ದಾವೆ ಆಗಲೇ ನಡೆಯುತ್ತಿದ್ದರೆ ನಿಮ್ಮ ವಕೀಲರು ಒಂದು ಮೆಮೊ ಹಾಕಿ ಮಧ್ಯಸ್ಥಿಕೆಗೆ ಕಳುಹಿಸುವಂತೆ ಕೇಳಬಹುದು. ನ್ಯಾಯಾಧೀಶರೇ ಸೂಚಿಸುವುದೂ ಸಾಮಾನ್ಯ. ಪ್ರತಿವಾದಿ ಹಾಜರಾಗಿ ತಕರಾರು ಸಲ್ಲಿಸಿದ ನಂತರ, ಸಾಕ್ಷಿ ವಿಚಾರಣೆ ಆರಂಭವಾಗುವ ಮೊದಲು ಇದಕ್ಕೆ ಒಳ್ಳೆಯ ಸಮಯ, ಏಕೆಂದರೆ ಪಾಟೀ ಸವಾಲಿನಲ್ಲಿ ಒಬ್ಬರನ್ನೊಬ್ಬರು ಸುಳ್ಳರೆಂದು ಕರೆದ ನಂತರ ಒಂದೇ ಮೇಜಿನ ಮುಂದೆ ಕೂರುವುದು ಕಷ್ಟ. ಆದರೆ ಮೇಲ್ಮನವಿಯ ಹಂತದಲ್ಲೂ ಬಾಗಿಲು ಮುಚ್ಚಿರುವುದಿಲ್ಲ.

ದಾವೆ ಇನ್ನೂ ಹೂಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಸರಳ ಅರ್ಜಿ ಕೊಡಬಹುದು. ಮಾಹಿತಿಗೆ 15100 ಸಹಾಯವಾಣಿ ಇದೆ. ವಾಣಿಜ್ಯ ವ್ಯಾಜ್ಯಗಳ ದಾರಿ ಬೇರೆ: ತುರ್ತು ಪರಿಹಾರ ಬೇಡದ 3 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ವಾಣಿಜ್ಯ ದಾವೆಗೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಂತೆ ಮೊದಲು ಮಧ್ಯಸ್ಥಿಕೆ ಮುಗಿಸುವುದು ಕಡ್ಡಾಯ, ಮತ್ತು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2022ರ ತೀರ್ಪಿನ ನಂತರ ಅದನ್ನು ದಾಟಿ ಹೂಡಿದ ದಾವೆಯ ವಾದಪತ್ರ ತಿರಸ್ಕೃತವಾಗುತ್ತದೆ.

ಇಲ್ಲಿ ಒಂದು ಎಚ್ಚರ. ಕಾಲಮಿತಿ ಕಾಯ್ದೆಯ ಗಡಿಯಾರ ನೀವು ಮಾತುಕತೆಗೆ ಕುಳಿತ ಮಾತ್ರಕ್ಕೆ ನಿಲ್ಲುತ್ತದೆ ಎಂದು ಭಾವಿಸಬೇಡಿ. ಸಾಲ ವಸೂಲಿಗೆ ಸಾಮಾನ್ಯವಾಗಿ 3 ವರ್ಷ, ಕೂಡುಕುಟುಂಬದ ಆಸ್ತಿಯಿಂದ ಹೊರಗಿಟ್ಟದ್ದು ತಿಳಿದ ದಿನದಿಂದ ಪಾಲು ಕೇಳಲು 12 ವರ್ಷ. 12ಎ ಅಡಿಯ ಮಧ್ಯಸ್ಥಿಕೆಯಲ್ಲಿ ಕಳೆದ ಸಮಯವನ್ನು ಲೆಕ್ಕದಿಂದ ಬಿಡುವ ಅವಕಾಶ ಆ ಕಲಮಿನಲ್ಲೇ ಇದೆ. ಉಳಿದ ಕಡೆ ಗಡುವು ಹತ್ತಿರವಿದ್ದರೆ ದಾವೆ ಹೂಡಿ, ಆಮೇಲೆ ಮಧ್ಯಸ್ಥಿಕೆಗೆ ಹೋಗುವುದು ಸುರಕ್ಷಿತ.

ಹಂತ 3: ಕಾಗದವೂ ಜನರೂ ಪೂರ್ತಿಯಾಗಿರಲಿ

ಜಮೀನಿನ ವ್ಯಾಜ್ಯಕ್ಕೆ ಇತ್ತೀಚಿನ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿಗಳು, ವಂಶವೃಕ್ಷ, ತಂದೆಯ ಮರಣ ಪ್ರಮಾಣಪತ್ರ, ಹಳೆಯ ಕ್ರಯಪತ್ರ ಅಥವಾ ಪಾಲುಪಟ್ಟಿ, ಋಣಭಾರ ಪ್ರಮಾಣಪತ್ರ ಮತ್ತು ಸರ್ವೆ ನಕ್ಷೆಯನ್ನು ಜೋಡಿಸಿಕೊಳ್ಳಿ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ಮಾತ್ರ ನೋಡಿ ಮಡಚಿಡುವವರೇ ಹೆಚ್ಚು; 11ನೇ ಕಾಲಂ ನೋಡಿದರೆ ಆ ಜಮೀನಿನ ಮೇಲೆ ಬ್ಯಾಂಕ್ ಅಥವಾ ಸೊಸೈಟಿಯ ಸಾಲದ ಹೊರೆ ಇದೆಯೇ ತಿಳಿಯುತ್ತದೆ. ನಮ್ಮ ಉದಾಹರಣೆಯ ಅಣ್ಣ ಬೆಳೆ ಸಾಲ ತೆಗೆದಿದ್ದರೆ, ಆ ಸಾಲವನ್ನು ಯಾರು ತೀರಿಸಬೇಕು ಎಂಬ ಮಾತು ಹಂಚಿಕೆಯಷ್ಟೇ ಮುಖ್ಯವಾಗುತ್ತದೆ. ನೆಲದ ಮೇಲಿನ ಒತ್ತುವರಿ ಬಗ್ಗೆ ತಕರಾರಿದ್ದರೆ ಮೊದಲೇ ಗಡಿ ಗುರುತಿಸುವ ಹದ್ದುಬಸ್ತು ಸರ್ವೆ ಮಾಡಿಸಿ ತನ್ನಿ. ಅಳತೆಯ ಜಗಳವನ್ನು ಮಾತಿನಿಂದ ಬಗೆಹರಿಸಲು ಕುಳಿತರೆ ಎರಡು ಸಭೆಗಳು ಅದರಲ್ಲೇ ಕಳೆಯುತ್ತವೆ.

ಜನರ ವಿಷಯ ಇದಕ್ಕಿಂತ ಸೂಕ್ಷ್ಮ. ಪಾಲಿಗೆ ಹಕ್ಕಿರುವ ಒಬ್ಬರು ಹೊರಗುಳಿದರೂ ಉಳಿದವರ ಒಪ್ಪಂದ ಅವರನ್ನು ಕಟ್ಟಿಹಾಕುವುದಿಲ್ಲ. ತೀರಿಹೋದ ತಂಗಿಯ ಮಕ್ಕಳು, ಆಗಲೇ ಒಂದು ತುಂಡು ಕೊಂಡವರು, ಎಲ್ಲರೂ ಬೇಕು. ಪಾಲುದಾರರಲ್ಲಿ ಅಪ್ರಾಪ್ತರಿದ್ದರೆ ಅವರ ಪರವಾಗಿ ರಾಜಿ ಮಾಡಿಕೊಳ್ಳಲು ಸಂಹಿತೆಯ 32ನೇ ಆದೇಶದ 7ನೇ ನಿಯಮದಂತೆ ನ್ಯಾಯಾಲಯದ ಅನುಮತಿ ಪಡೆಯಲೇಬೇಕು. ಒಬ್ಬರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ವಿಡಿಯೊ ಮೂಲಕ ಮಾತುಕತೆಯಲ್ಲಿ ಸೇರಿಸಿಕೊಳ್ಳಬಹುದು. ಸಹಿಗಾಗಿ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ವಿಶೇಷ ಅಧಿಕಾರಪತ್ರ ತರಿಸಿ, ಅದು ಭಾರತ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಅಧಿಕಾರಪತ್ರದಲ್ಲಿ ‘ರಾಜಿ ಮಾಡಿಕೊಳ್ಳುವ ಅಧಿಕಾರ’ ಎಂಬ ಮಾತು ಸ್ಪಷ್ಟವಾಗಿ ಇರಬೇಕು.

ಕಾಗದದಲ್ಲಿ ಹೆಸರಿಲ್ಲದಿದ್ದರೂ ಮನೆಯಲ್ಲಿ ಮಾತು ನಡೆಯುವ ಒಬ್ಬರು ಬಹುತೇಕ ಎಲ್ಲ ಕುಟುಂಬಗಳಲ್ಲೂ ಇರುತ್ತಾರೆ. ಅದು ಭಾವನಿರಬಹುದು, ಸೋದರಮಾವನಿರಬಹುದು, ಅಣ್ಣನ ದೊಡ್ಡ ಮಗನಿರಬಹುದು. ಸಭೆಯಲ್ಲಿ ಆದ ಒಪ್ಪಂದ ರಾತ್ರಿ ಅವರ ಒಂದು ಮಾತಿನಿಂದ ಬಿದ್ದುಹೋಗುವುದಾದರೆ, ಎರಡೂ ಕಡೆಯವರ ಒಪ್ಪಿಗೆ ಪಡೆದು ಅವರನ್ನೂ ಕರೆತರುವುದು ಜಾಣತನ.

ಹಂತ 4: ನಿಮ್ಮ ನೆಲೆ ತಿಳಿದುಕೊಳ್ಳಿ, ನಿಮಗೆ ಬೇಕಾದದ್ದನ್ನು ಬರೆದಿಡಿ

ಮಧ್ಯಸ್ಥಿಕೆಗೆ ಹೋಗುವ ಮುನ್ನ, ದಾವೆ ಕೊನೆಯವರೆಗೆ ನಡೆದರೆ ಕಾನೂನಿನ ಪ್ರಕಾರ ಏನು ಸಿಗುತ್ತದೆ ಎಂದು ನಿಮ್ಮ ವಕೀಲರಿಂದ ಕೇಳಿ ತಿಳಿಯಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕಿದೆ. 2004ರ ಡಿಸೆಂಬರ್ 20ಕ್ಕೆ ಮುನ್ನ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆದ ವಿಭಾಗವನ್ನು ಮಾತ್ರ ಇದು ಕದಲಿಸುವುದಿಲ್ಲ. ‘ತಂಗಿಯರಿಗೆ ಮದುವೆ ಮಾಡಿಕೊಟ್ಟಾಗಿದೆ, ಪಾಲು ಎಲ್ಲಿಯದು’ ಎಂಬ ಮಾತು ಸಂಧಾನದ ಮೇಜಿಗೆ ಈಗಲೂ ಬರುತ್ತದೆ, ಆದರೆ ಅದಕ್ಕೆ ಕಾನೂನಿನ ಬೆಂಬಲವಿಲ್ಲ. ಇದು ಗೊತ್ತಿಲ್ಲದೆ ಸಹಿ ಮಾಡಿದ ತಂಗಿಯೂ, ಇದು ಗೊತ್ತಿಲ್ಲದೆ ಹಟ ಹಿಡಿದ ಅಣ್ಣನೂ ಸಮಾನವಾಗಿ ನಷ್ಟಪಡುತ್ತಾರೆ.

ನಮ್ಮ ಕುಟುಂಬದಲ್ಲಿ ಲೆಕ್ಕ ಹೀಗಾಗುತ್ತದೆ: 3 ಎಕರೆ 20 ಗುಂಟೆ ಎಂದರೆ 140 ಗುಂಟೆ, ಮೂವರಿಗೆ ಸಮಭಾಗ ಮಾಡಿದರೆ ತಲಾ ಸುಮಾರು 46 ಗುಂಟೆ 11 ಆಣೆ (16 ಆಣೆಗೆ ಒಂದು ಗುಂಟೆ). ಕಾನೂನು ಇಷ್ಟಕ್ಕೆ ನಿಲ್ಲುತ್ತದೆ. ಬೋರ್‌ವೆಲ್ ಯಾರ ಪಾಲಿಗೆ ಬರಬೇಕು, ರಸ್ತೆ ಬದಿಯ ಗುಂಟೆಗೂ ಒಳಗಿನ ಗುಂಟೆಗೂ ಬೆಲೆಯಲ್ಲಿ ಇರುವ ಅಂತರವನ್ನು ಹೇಗೆ ಸರಿದೂಗಿಸಬೇಕು, ಅಣ್ಣ ಕೈಯಾರೆ ಬೆಳೆಸಿದ ಫಲ ಕೊಡುವ ಮರಗಳಿಗೆ ಏನು ಲೆಕ್ಕ ಎಂಬುದನ್ನೆಲ್ಲ ಬಗೆಹರಿಸುವುದು ಮಾತುಕತೆಯ ಕೆಲಸ. ಆದ್ದರಿಂದ ಒಂದು ಹಾಳೆಯಲ್ಲಿ ನಿಮ್ಮ ಬೇಡಿಕೆಯನ್ನು ಬರೆದು, ಪ್ರತಿಯೊಂದರ ಎದುರು ಅದು ಏಕೆ ಬೇಕು ಎಂದು ಬರೆಯಿರಿ. ದೊಡ್ಡ ತಂಗಿ ‘ಸಮಪಾಲು’ ಎಂದು ಬರೆದು, ಏಕೆ ಎಂಬಲ್ಲಿ ‘ಮಗಳ ಓದಿಗೆ ಹಣ’ ಎಂದು ಬರೆದರೆ ಅವಳಿಗೆ ತೋಟದ ಹಂಗೇ ಬೇಡ ಎಂಬುದು ಅವಳಿಗೇ ಗೊತ್ತಾಗುತ್ತದೆ. ಚಿಕ್ಕ ತಂಗಿಯ ಉತ್ತರ ಬೇರೆ ಇದ್ದೀತು. ಈ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಹಂತ 5: ಮೊದಲ ಜಂಟಿ ಸಭೆ

ಮೊದಲ ದಿನ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಎತ್ತರದ ಪೀಠವಾಗಲಿ, ಸಾಕ್ಷಿಕಟ್ಟೆಯಾಗಲಿ ಇರುವುದಿಲ್ಲ. ಮಧ್ಯಸ್ಥಗಾರರು ತಮ್ಮ ಪಾತ್ರವನ್ನೂ ನಿಯಮಗಳನ್ನೂ ವಿವರಿಸಿ, ನಂತರ ಒಬ್ಬೊಬ್ಬರಿಗೂ ಅಡೆತಡೆಯಿಲ್ಲದೆ ಮಾತನಾಡಲು ಅವಕಾಶ ಕೊಡುತ್ತಾರೆ. ಅವರಿಗೆ ಯಾವುದಾದರೂ ಕಕ್ಷಿಯ ಜೊತೆ ಸಂಬಂಧವೋ ವ್ಯವಹಾರವೋ ಇದ್ದರೆ ಹೇಳಬೇಕಾದದ್ದು ಈ ಹೊತ್ತಿನಲ್ಲೇ. ನಿಮಗೆ ಅನುಮಾನವಿದ್ದರೆ ಬೇರೊಬ್ಬರನ್ನು ಕೇಳಬಹುದು.

ಮಾತನಾಡುವಾಗ ವಕೀಲರಿಗಿಂತ ಹೆಚ್ಚು ನೀವೇ ಮಾತನಾಡಿ. ವಾದಪತ್ರದಲ್ಲಿರುವುದನ್ನು ಎಲ್ಲರೂ ಓದಿರುತ್ತಾರೆ. ಎದುರಿನವರನ್ನು ‘1ನೇ ಪ್ರತಿವಾದಿ’ ಎನ್ನದೆ ಮನೆಯಲ್ಲಿ ಕರೆಯುವಂತೆ ‘ಅಣ್ಣ’ ಎನ್ನಿ; ಆ ಒಂದು ಪದದಿಂದ ವಾತಾವರಣ ತಿಳಿಯಾಗುವುದನ್ನು ಮಧ್ಯಸ್ಥಗಾರರು ಬಲ್ಲರು. ಎದುರಿನವರ ಮಾತಿನಲ್ಲಿ ಸುಳ್ಳು ಕಂಡರೆ ನಡುವೆ ಬಾಯಿ ಹಾಕದೆ ಗುರುತು ಮಾಡಿಕೊಳ್ಳಿ.

ಇಲ್ಲಿ ಆಡಿದ ಮಾತು ಗೋಪ್ಯ. ಮೋತಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಾಜಿಯಾದರೆ ಮಧ್ಯಸ್ಥಗಾರರು ಸಹಿಯಾದ ಒಪ್ಪಂದವನ್ನು ಮಾತ್ರ ಕಳುಹಿಸಬೇಕು, ಆಗದಿದ್ದರೆ ‘ಆಗಲಿಲ್ಲ’ ಎಂಬ ಒಂದೇ ಮಾತು ತಿಳಿಸಬೇಕು, ಯಾರು ಏನು ಹೇಳಿದರು ಎಂದು ಬರೆಯಬಾರದು ಎಂದಿತು. 2023ರ ಮಧ್ಯಸ್ಥಿಕೆ ಕಾಯ್ದೆಯೂ ಗೋಪ್ಯತೆಯನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಹಾಗಾಗಿ ‘ಇಷ್ಟಕ್ಕೆ ಒಪ್ಪಬಲ್ಲೆ’ ಎಂದು ಅಲ್ಲಿ ಹೇಳಿದ್ದನ್ನು ಮರುದಿನ ನ್ಯಾಯಾಧೀಶರ ಮುಂದೆ ನಿಮ್ಮ ವಿರುದ್ಧ ಬಳಸಲಾಗದು. ಅದೇ ಕಾರಣಕ್ಕೆ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಳ್ಳಬೇಡಿ.

ಹಂತ 6: ಪ್ರತ್ಯೇಕ ಸಭೆ

ಸ್ವಲ್ಪ ಹೊತ್ತಿನ ನಂತರ ಮಧ್ಯಸ್ಥಗಾರರು ಒಂದೊಂದು ಕಡೆಯವರನ್ನು ಬೇರೆಯಾಗಿ ಕರೆದು ಮಾತನಾಡುತ್ತಾರೆ. ಇಲ್ಲಿ ಹೇಳಿದ್ದನ್ನು ನಿಮ್ಮ ಅನುಮತಿಯಿಲ್ಲದೆ ಅವರು ಆಚೆ ಕಡೆಗೆ ಒಯ್ಯುವುದಿಲ್ಲ. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಏಳುವ ಮುನ್ನ ಸ್ಪಷ್ಟಪಡಿಸಿ.

ವ್ಯಾಜ್ಯದ ಬೇರು ಸಾಮಾನ್ಯವಾಗಿ ಇಲ್ಲೇ ಕಾಣಿಸುತ್ತದೆ. ಚಿಕ್ಕ ತಂಗಿ ಜಂಟಿ ಸಭೆಯಲ್ಲಿ ಗುಂಟೆಯ ಲೆಕ್ಕವನ್ನೇ ಆಡಿದ್ದಾಳೆ ಎಂದುಕೊಳ್ಳಿ. ಪ್ರತ್ಯೇಕ ಸಭೆಯಲ್ಲಿ, ‘ನಿಮಗೆ ಇದರಲ್ಲಿ ಹೆಚ್ಚು ನೋವಾದದ್ದು ಯಾವುದಮ್ಮ?’ ಎಂದು ಕೇಳಿದಾಗ, ‘ಅಪ್ಪ ಹೋದ ಮೇಲೆ ಗೌರಿ ಹಬ್ಬಕ್ಕೆ ಅಣ್ಣನ ಮನೆಯಿಂದ ಬಾಗಿನ ಬರಲಿಲ್ಲ ಸಾರ್, ಕರೆದದ್ದೂ ಇಲ್ಲ. ಪಾಲು ಕೇಳದೇ ಇದ್ದಿದ್ದರೂ ತವರು ಮುಗಿದುಹೋಗಿತ್ತು’ ಎನ್ನುತ್ತಾಳೆ. ಅತ್ತ ಅಣ್ಣನನ್ನು ಕೇಳಿದರೆ, ‘ಕೋರ್ಟ್ ಸಮನ್ಸ್ ಬಂದ ಮೇಲೆ ಯಾವ ಮುಖ ಹೊತ್ತುಕೊಂಡು ಕರೆಯಲಿ, ಅಪ್ಪನ ಆಸ್ಪತ್ರೆ ಖರ್ಚು ನಾನೊಬ್ಬನೇ ಕಟ್ಟಿದ್ದು ಯಾರಿಗೂ ನೆನಪಿಲ್ಲ’ ಎನ್ನುತ್ತಾನೆ. ಈ ಎರಡು ಮಾತುಗಳಲ್ಲಿ ಯಾವುದೂ ವಾದಪತ್ರದಲ್ಲಿಲ್ಲ, ಯಾವ ನ್ಯಾಯಾಧೀಶರೂ ಇವುಗಳ ಮೇಲೆ ವಿವಾದಾಂಶ ರಚಿಸಲಾರರು. ಆದರೂ ಇವು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹದವಾಗಿ ತಲುಪಿದರೆ ಗುಂಟೆಯ ಲೆಕ್ಕ ಸಡಿಲವಾಗುತ್ತದೆ. ಆಸ್ಪತ್ರೆಯ ಬಿಲ್ಲುಗಳನ್ನು ಅಣ್ಣ ಮುಂದಿನ ಸಭೆಗೆ ತರಲಿ; ತಂಗಿಯರು ಅದರಲ್ಲಿ ಒಂದು ಭಾಗ ಹೊರಲು ಒಪ್ಪಿದರೆ ಅದು ಬರೀ ಹಣದ ಹೊಂದಾಣಿಕೆಯಾಗಿ ಉಳಿಯುವುದಿಲ್ಲ.

ಇದನ್ನು ಭಾವುಕತೆಯ ದುರುಪಯೋಗಕ್ಕೂ ಬಳಸಲಾಗುತ್ತದೆ ಎಂಬುದನ್ನು ಹೇಳಲೇಬೇಕು. ‘ತವರು ಬೇಕಾದರೆ ಸಹಿ ಮಾಡು’ ಎಂಬ ಒತ್ತಡಕ್ಕೆ ಮಣಿದು, ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಬರೆದುಕೊಡುವ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಒಳ್ಳೆಯ ಮಧ್ಯಸ್ಥಗಾರರು ಇದನ್ನು ಗಮನಿಸಿ, ‘ನಿಮ್ಮ ಪಾಲು ಎಷ್ಟಾಗುತ್ತದೆ ಎಂದು ವಕೀಲರು ಹೇಳಿದ್ದಾರೆಯೇ?’ ಎಂದು ಕೇಳುತ್ತಾರೆ. ಕೇಳದಿದ್ದರೆ ನೀವೇ ನಿಮ್ಮ ವಕೀಲರೊಂದಿಗೆ ಮಾತನಾಡಲು ಸಮಯ ಕೇಳಿ, ಆ ದಿನ ಸಹಿ ಮಾಡದೆ ಬನ್ನಿ.

ಹಂತ 7: ದಾರಿಗಳನ್ನು ಹುಡುಕುವುದು, ಹಟ ಸಡಿಲಿಸುವುದು

ಒಂದೇ ಪ್ರಸ್ತಾವವನ್ನು ಹಿಡಿದು ಎಳೆದಾಡುವ ಬದಲು ಎರಡು ಮೂರು ಬಗೆಯ ಹಂಚಿಕೆಯನ್ನು ಕಾಗದದ ಮೇಲೆ ಬರೆದು ನೋಡಿ. ತೋಟವನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಚಿಕ್ಕ ತಂಗಿಗೆ ರಸ್ತೆ ಬದಿಯ 40 ಗುಂಟೆ, ಅಣ್ಣನಿಗೆ ಬೋರ್‌ವೆಲ್ ಸಮೇತ ಉಳಿದ 100 ಗುಂಟೆ, ದೊಡ್ಡ ತಂಗಿಗೆ ಅವಳ ಪಾಲಿನ ಬದಲು ಅಣ್ಣನಿಂದ ಹಣ ಎಂಬುದು ಒಂದು ದಾರಿ. ಬೆಲೆಯ ಬಗ್ಗೆ ಒಮ್ಮತವಿಲ್ಲದಿದ್ದರೆ ಹತ್ತಿರದ ಸರ್ವೆ ನಂಬರ್‌ಗಳಲ್ಲಿ ಆದ ಇತ್ತೀಚಿನ ಕ್ರಯಪತ್ರಗಳನ್ನು ತೆಗೆಸಿ. ಸರ್ಕಾರಿ ಮಾರ್ಗಸೂಚಿ ದರ ಒಂದು ಆಧಾರ ಮಾತ್ರ.

ಮಾತು ನಿಂತುಹೋದಾಗ ಅಂತರವನ್ನು ಸಣ್ಣದು ಮಾಡಿ ನೋಡಿ. ಒಪ್ಪಿರುವ ಅಂಶಗಳನ್ನು ಬರೆದಿಟ್ಟರೆ ಉಳಿದಿರುವ ತಕರಾರು ಒಂದೋ ಎರಡೋ ಎಂದು ತಿಳಿಯುತ್ತದೆ. ಹತ್ತು ದಿನ ಬಿಟ್ಟು ಸೇರುವುದೂ ಒಳ್ಳೆಯದೇ. ಆದರೆ ಅನಿರ್ದಿಷ್ಟವಾಗಿ ಮುಂದೂಡಬಾರದು, ಏಕೆಂದರೆ ಇದಕ್ಕೂ ಗಡುವಿದೆ. 2023ರ ಕಾಯ್ದೆ 120 ದಿನ, ಎರಡೂ ಕಡೆಯವರ ಒಪ್ಪಿಗೆಯ ಮೇಲೆ ಇನ್ನೂ 60 ದಿನ ಎಂದು ಹೇಳುತ್ತದೆ. ಆ ಕಾಯ್ದೆಯ ಕಲಮುಗಳು ಹಂತ ಹಂತವಾಗಿ ಜಾರಿಗೆ ಬರುವ ಬಗೆಯವಾದ್ದರಿಂದ ನಿಮ್ಮ ಪ್ರಕರಣಕ್ಕೆ ಅನ್ವಯಿಸುವ ಗಡುವನ್ನು ಕೇಂದ್ರದಲ್ಲೇ ಕೇಳಿಕೊಳ್ಳಿ. ಕೊನೆಗೂ ಆಗಲಿಲ್ಲವೆಂದರೆ ದಾವೆ ನಿಂತಲ್ಲಿಂದ ಮುಂದುವರಿಯುತ್ತದೆ. ಸೋತವರು ಎಂದು ಯಾರ ಹೆಸರೂ ದಾಖಲಾಗುವುದಿಲ್ಲ.

ಹಂತ 8: ಕರಾರು ಬರೆಯುವುದು

ಹೆಚ್ಚಿನ ಮಧ್ಯಸ್ಥಿಕೆಗಳು ಕೆಡುವುದು ಈ ಹಂತದಲ್ಲಿ, ಅದೂ ಸಂಜೆ ನಾಲ್ಕರ ನಂತರ, ಎಲ್ಲರೂ ದಣಿದು ‘ಒಪ್ಪಿಯಾಯಿತಲ್ಲ, ಬರೆದುಬಿಡಿ’ ಎನ್ನುವಾಗ. ಅವಸರ ಮಾಡಬೇಡಿ. ‘ಅಣ್ಣನು ತಂಗಿಗೆ ಆದಷ್ಟು ಬೇಗ ಹಣ ಕೊಡತಕ್ಕದ್ದು’ ಎಂದು ಬರೆದ ಕರಾರು ಮುಂದಿನ ದಾವೆಯ ಮೊದಲ ಪುಟ. ಅದೇ ಮಾತನ್ನು, ದೊಡ್ಡ ತಂಗಿ ವಾದಿ, ಅಣ್ಣ 1ನೇ ಪ್ರತಿವಾದಿ ಎಂದುಕೊಂಡರೆ, ಹೀಗೆ ಬರೆಯಬೇಕು: ‘1ನೇ ಪ್ರತಿವಾದಿಯು ವಾದಿಗೆ ಒಟ್ಟು 18,00,000 ರೂಪಾಯಿಗಳನ್ನು ಎರಡು ಸಮ ಕಂತುಗಳಲ್ಲಿ, ಮೊದಲನೆಯದನ್ನು ಈ ಕರಾರಿನ ದಿನ ಡಿಮ್ಯಾಂಡ್ ಡ್ರಾಫ್ಟ್ ಮೂಲಕ, ಎರಡನೆಯದನ್ನು ಇಂದಿನಿಂದ 6 ತಿಂಗಳೊಳಗೆ ವಾದಿಯ ಬ್ಯಾಂಕ್ ಖಾತೆಗೆ ಪಾವತಿಸುವುದು, ತಪ್ಪಿದಲ್ಲಿ ಬಾಕಿಯ ಮೇಲೆ ವಾರ್ಷಿಕ ಶೇ 9ರ ಬಡ್ಡಿ ಸೇರುವುದು, ಪೂರ್ಣ ಪಾವತಿಯಾಗುವವರೆಗೆ ಅನುಸೂಚಿ ಸ್ವತ್ತಿನ ಮೇಲೆ ವಾದಿಯ ಬಾಕಿಗೆ ಭಾರವಿರುವುದು ಮತ್ತು ಅಲ್ಲಿಯವರೆಗೆ ಅದನ್ನು ಪರಭಾರೆ ಮಾಡತಕ್ಕದ್ದಲ್ಲ.’ ದೊಡ್ಡ ತಂಗಿಯ ಹಕ್ಕು ಯಾವ ಕಂತಿನ ದಿನ ಬಿಟ್ಟುಹೋಗುತ್ತದೆ ಎಂಬುದನ್ನೂ ಇದೇ ಕಲಮಿನಲ್ಲಿ ಬರೆಯಬೇಕು.

ಜಮೀನಿನ ಭಾಗಕ್ಕೆ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಬರೆದು ನಾಲ್ಕೂ ದಿಕ್ಕಿನ ಚಕ್ಕುಬಂದಿ ಕೊಡಿ, ಜೊತೆಗೆ ಅಳತೆಯ ನಕ್ಷೆ ಲಗತ್ತಿಸಿ ಎಲ್ಲರೂ ಅದರ ಮೇಲೂ ಸಹಿ ಮಾಡಿ. ಒಂದು ಸರ್ವೆ ನಂಬರ್‌ನ ಭಾಗವನ್ನು ಬೇರೆ ಮಾಡುವುದಾದರೆ 11ಇ ನಕ್ಷೆ (ಬೇರೆಯಾಗುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕಾಗುತ್ತದೆ, ಅದಕ್ಕೆ ಯಾರು ಅರ್ಜಿ ಹಾಕಬೇಕು, ಖರ್ಚು ಯಾರದು ಎಂಬುದೂ ಕರಾರಿನಲ್ಲಿರಲಿ. ಒಳಗಿನ ತುಂಡಿಗೆ ಹೋಗುವ ಬಂಡಿದಾರಿಯ ಅಗಲವನ್ನು ಅಡಿಗಳಲ್ಲಿ ಬರೆಯಿರಿ. ಇವತ್ತು ಬಂಡಿ ಹೋಗುವ ದಾರಿಯಲ್ಲಿ ನಾಳೆ ಟ್ರ್ಯಾಕ್ಟರ್ ಹೋಗಬೇಕು.

ಬೋರ್‌ವೆಲ್ ನೀರಿನ ಹಂಚಿಕೆಗೆ ಹೆಚ್ಚು ಯೋಚನೆ ಬೇಕು. ‘ದಿನಕ್ಕೆ ಮೂರು ಗಂಟೆ ನೀರು ಬಿಡುವುದು’ ಎಂದು ಬರೆದರೆ ಜಗಳ ಖಚಿತ, ಏಕೆಂದರೆ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ದಿನವಿಡೀ ಇರುವುದಿಲ್ಲ ಮತ್ತು ಪಾಳಿಯ ಸಮಯ ಬದಲಾಗುತ್ತಿರುತ್ತದೆ. ವಾರದ ದಿನಗಳನ್ನೇ ಹಂಚಿ: ಸೋಮವಾರ ಮತ್ತು ಗುರುವಾರ ಬರುವ ವಿದ್ಯುತ್ತಿನಲ್ಲಿ ಎತ್ತುವ ನೀರೆಲ್ಲ ತಂಗಿಯ ಭಾಗಕ್ಕೆ, ಉಳಿದ ದಿನ ಅಣ್ಣನಿಗೆ. ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಿನಲ್ಲಿ ಉಳಿಯುತ್ತದೆ, ಮೋಟರ್ ಸುಟ್ಟರೆ ಯಾರು ಎಷ್ಟು ಕೊಡಬೇಕು, ಬೋರ್ ಬತ್ತಿದರೆ ಈ ಕಲಮು ಅಲ್ಲಿಗೆ ಮುಗಿಯುತ್ತದೆಯೇ ಅಥವಾ ಹೊಸ ಬೋರ್‌ನಲ್ಲೂ ಹಕ್ಕು ಮುಂದುವರಿಯುತ್ತದೆಯೇ ಎಂದು ಬರೆಯಿರಿ. ಮರದ ಮೇಲಿರುವ ಈ ಸಲದ ಫಸಲು ಯಾರದು ಎಂಬ ಒಂದು ಸಾಲನ್ನೂ ಮರೆಯಬೇಡಿ.

ಅನುಸೂಚಿಯನ್ನು, ಅಂದರೆ ಸ್ವತ್ತುಗಳ ಪಟ್ಟಿಯನ್ನು, ಇನ್ನೊಮ್ಮೆ ಓದಿ. ದಾವೆಯ ಅನುಸೂಚಿಯಲ್ಲಿಲ್ಲದ ಒಂದು ನಿವೇಶನವನ್ನು ರಾಜಿಯಲ್ಲಿ ಸೇರಿಸುವುದು ಬಹಳ ಸಾಮಾನ್ಯ, ಆದರೆ ನೋಂದಣಿ ಕಾಯ್ದೆಯ 17ನೇ ಕಲಮಿನ ವಿನಾಯಿತಿ ದಾವೆಯ ವಿಷಯವಾಗಿರುವ ಸ್ವತ್ತಿಗೆ ಮಾತ್ರ ಸಿಗುತ್ತದೆ. ಹೊರಗಿನ ಸ್ಥಿರಾಸ್ತಿ ಸೇರಿದ್ದರೆ ಆ ರಾಜಿ ಡಿಕ್ರಿಯನ್ನು ನೋಂದಣಿ ಮಾಡಿಸಬೇಕು. ವಾದಪತ್ರ ತಿದ್ದುಪಡಿ ಮಾಡಿ ಆ ನಿವೇಶನವನ್ನು ಮೊದಲೇ ಅನುಸೂಚಿಗೆ ಸೇರಿಸುವುದು ಇನ್ನೊಂದು ಉಪಾಯ. ಕೊನೆಗೆ, ಕರಾರು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಲಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕರಾರಿಗೆ ‘ಓದಿ ಹೇಳಲಾಗಿದೆ’ ಎಂಬ ಒಂದು ಸಾಲು ಸೇರಿಸಿ ಹೆಬ್ಬೆಟ್ಟು ಒತ್ತಿಸುವ ಪದ್ಧತಿಯನ್ನು ಒಪ್ಪಬೇಡಿ. ಕನ್ನಡದಲ್ಲೇ ಬರೆಯುವಂತೆ ಕೇಳಿ.

ಹಂತ 9: ಡಿಕ್ರಿ

ಸಹಿಯಾದ ಕರಾರು ನ್ಯಾಯಾಲಯಕ್ಕೆ ಹೋಗುತ್ತದೆ. ನ್ಯಾಯಾಧೀಶರು ಕಕ್ಷಿದಾರರನ್ನು ಕೇಳಿ, ಸ್ವಇಚ್ಛೆಯಿಂದ ಒಪ್ಪಿದ್ದಾರೆ ಎಂದು ಮನವರಿಕೆಯಾದ ನಂತರ 23ನೇ ಆದೇಶದ 3ನೇ ನಿಯಮದಂತೆ ರಾಜಿ ಡಿಕ್ರಿ ಮಾಡುತ್ತಾರೆ. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ ಎಂದು 96ನೇ ಕಲಮಿನ 3ನೇ ಉಪಕಲಮು ಹೇಳುವುದರಿಂದ, ಅನುಮಾನವಿದ್ದರೆ ನ್ಯಾಯಾಧೀಶರ ಮುಂದೆ ನಿಂತಿರುವಾಗಲೇ ಹೇಳಿಬಿಡಬೇಕು. ವಿಭಾಗದ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಇಳಿಸಬೇಕಾಗುತ್ತದೆ, ಅದರ ಮುದ್ರಾಂಕ ಶುಲ್ಕ ಯಾರು ಕಟ್ಟಬೇಕೆಂದು ಕರಾರಿನಲ್ಲೇ ಇದ್ದರೆ ಡಿಕ್ರಿ ಕೈಗೆ ಬೇಗ ಸಿಗುತ್ತದೆ. ಹಣದ ದಾವೆಯಾಗಿದ್ದರೆ ಕೋರ್ಟ್ ಶುಲ್ಕದ ವಾಪಸ್ಸಿಗೂ ಮನವಿ ಮಾಡಿ.

ದಾವೆಯೇ ಇಲ್ಲದೆ ಆದ ಒಪ್ಪಂದದಲ್ಲಿ ಜಮೀನು ಹಂಚಿಕೆಯಾಗಿದ್ದರೆ ನೇರವಾಗಿ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ವಿಭಾಗ ಪತ್ರ ನೋಂದಣಿ ಮಾಡಿಸಿ. ಬಿಳಿ ಹಾಳೆಯ ಮೇಲೆ ಹಂಚಿಕೊಂಡು ಐದು ಸಾಕ್ಷಿಗಳ ಸಹಿ ಹಾಕಿಸಿದ ಪಾಲುಪಟ್ಟಿ ಹಕ್ಕಿನ ದಾಖಲೆಯಾಗಿ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಹಂತ 10: ಪಹಣಿ ಬದಲಾಗುವವರೆಗೆ

ಡಿಕ್ರಿ ಬಂದ ದಿನ ಸಿಹಿ ಹಂಚಿ, ಮ್ಯುಟೇಷನ್ ಮರೆಯುವ ಕುಟುಂಬಗಳು ಬಹಳ. ದೃಢೀಕೃತ ಪ್ರತಿ ಪಡೆದು ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಹಕ್ಕು ಬದಲಾವಣೆಗೆ ಅರ್ಜಿ ಕೊಡಿ, ಆಕ್ಷೇಪಣೆಯ ಅವಧಿ ಮುಗಿದ ನಂತರ ಹೊಸ ಪಹಣಿ ತೆಗೆದು 9ನೇ ಕಾಲಂನಲ್ಲಿ ಹೆಸರು ಮತ್ತು ವಿಸ್ತೀರ್ಣ, 11ರಲ್ಲಿ ಹಳೆಯ ಸಾಲ ತೀರಿದ್ದರೆ ಅದರ ನಮೂದು ತೆಗೆದಿರುವುದು, ಎರಡನ್ನೂ ಪರಿಶೀಲಿಸಿ. ನಂತರ ಪೋಡಿ (ಸರ್ವೆ ದಾಖಲೆಯಲ್ಲಿ ಒಬ್ಬೊಬ್ಬರ ಭಾಗವನ್ನು ಬೇರ್ಪಡಿಸುವುದು) ಮಾಡಿಸಿ ಗಡಿಕಲ್ಲು ನೆಡಿಸಿ. ಮನೆ ಅಥವಾ ನಿವೇಶನಕ್ಕೆ ಪಂಚಾಯಿತಿ ಇಲ್ಲವೇ ನಗರಸಭೆಯಲ್ಲಿ ಖಾತೆ ಬದಲಾಗಬೇಕು.

ಎರಡನೆಯ ಕಂತು ಬಾರದಿದ್ದರೆ ಹೊಸ ದಾವೆ ಬೇಕಾಗಿಲ್ಲ. ಡಿಕ್ರಿ ಇರುವುದರಿಂದ ಅದೇ ನ್ಯಾಯಾಲಯದಲ್ಲಿ ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಬಹುದು, ಅದಕ್ಕೆ 12 ವರ್ಷಗಳ ಅವಧಿಯಿದೆ. ಆದರೆ ಗಡುವು ಮೀರಿದ ಕೂಡಲೇ ಅರ್ಜಿಗೆ ಧಾವಿಸುವ ಬದಲು ಮೊದಲು ಒಂದು ಲಿಖಿತ ನೋಟಿಸ್ ಕಳುಹಿಸಿ. ಕೊಬ್ಬರಿ ದರ ಕುಸಿದು ಅಣ್ಣ ನಿಜವಾಗಿ ಕಷ್ಟದಲ್ಲಿದ್ದರೆ, ಎಲ್ಲರ ಸಹಿಯಿರುವ ಒಂದು ಪುಟದ ಮೆಮೊವನ್ನು ನ್ಯಾಯಾಲಯಕ್ಕೆ ಸಲ್ಲಿಸಿ ಬಡ್ಡಿಸಮೇತ ಗಡುವನ್ನು ಮುಂದಕ್ಕೆ ಹಾಕಿಕೊಳ್ಳಬಹುದು.